ಟ್ರಂಕಿನಲ್ಲಿಟ್ಟ ಬ್ಯಾಟರಿ

ಲ್ಯಾಪ್‌ಟಾಪನ್ನು ಸದಾ ಪ್ಲಗ್ಗಿಗೆ ಹಚ್ಚಿಯೇ ಇಡಬೇಕೋ, ಬ್ಯಾಟರಿ ತುಂಬಿದ ಮೇಲೆ ವೈರು ಕಿತ್ತುಬಿಡಬೇಕೋ ಎಂದು ಈಗಲೂ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿದವನು, ದಿನಕ್ಕೆ ಆರೇಳು ತಾಸು ಮೇಜಿನ ಮುಂದೆ ಕೂತು ಟೈಪು ಮಾಡಿದವನು, ಇವನಿಗೆ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ, ನನ್ನ ಮೇಲೆ. "ನಿಮಗ ಬೇಕಾದಂಗ ಮಾಡ್ರಿ" ಎಂದು ಮಾತು ಮುಗಿಸುತ್ತೇನೆ. ಒಂದು ಕಾಲಕ್ಕೆ ನಾನು ಈ ಪ್ರಶ್ನೆಗೆ ಎಲ್ಲರಿಗಿಂತ ಜಾಣ ಉತ್ತರ ಕಂಡುಹಿಡಿದಿದ್ದೇನೆ ಎಂದು ಬೀಗಿದವನು. ಆ ಜಾಣತನದಿಂದಾಗಿ ನನ್ನ ಅಪ್ಪನ ಬಾಯಲ್ಲಿದ್ದದ್ದು ಅಲ್ಲಿಯೇ ಉಳಿದುಹೋಯಿತು.

ಅಪ್ಪ ಕುರಿ ಕಾಯುವವನು. ನಮ್ಮ ಊರು ಬಸವಕಲ್ಯಾಣ ತಾಲ್ಲೂಕಿನದು, ರಾಜೇಶ್ವರಕ್ಕೆ ನಡೆದು ಹೋಗುವಷ್ಟು ಹತ್ತಿರ. ಮಳೆಗಾಲದಲ್ಲಿ ಹಿಂಡು ಊರ ಪಕ್ಕದ ಬೀಳು ಬಿದ್ದ ಕೆಂಪು ಮಡ್ಡಿ ದಿಬ್ಬದ ಮೇಲಿರುತ್ತಿತ್ತು. ಸುಗ್ಗಿ ಮುಗಿದು ಹೊಲಗಳು ಖಾಲಿಯಾದರೆ ಅಪ್ಪ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದ. ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದಿನ ಹೊಲ, ಮುಂದಿನ ಊರು. ಬೇಮಳಖೇಡ, ಮನ್ನಾಏಖೇಳ್ಳಿ, ಅದರಾಚೆ ನನಗೆ ಹೆಸರು ಗೊತ್ತಿಲ್ಲದ ಎಷ್ಟೋ ಊರು. ಅವನು ಎಲ್ಲಿದ್ದಾನೆ ಎಂಬುದು ಮನೆಯಲ್ಲಿ ಯಾರಿಗೂ ಖಾತ್ರಿ ಇರುತ್ತಿರಲಿಲ್ಲ.

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಹೆಸರಿಡುವುದು ಬರುತ್ತಿತ್ತು. ಬಣ್ಣ ನೋಡಿ, ಕಿವಿ ನೋಡಿ ಕುರಿಗೆ ಹೆಸರಿಡುವವರು ಬಹಳ ಮಂದಿ ಇದ್ದಾರೆ. ಅಪ್ಪ ಅದಕ್ಕೆ ಮರಿ ಹುಟ್ಟಿದ ಜಾಗವನ್ನೂ ಆ ದಿನ ನಡೆದದ್ದನ್ನೂ ಜೋಡಿಸುತ್ತಿದ್ದ. "ಖೇಳ್ಳಿ ಮಳಿ ಕೆಂಚಿ" ಎಂದರೆ ಮನ್ನಾಏಖೇಳ್ಳಿಯಲ್ಲಿ, ಬರಬಾರದ ಹೊತ್ತಿನಲ್ಲಿ ಬಂದ ಮಳೆಯೊಳಗೆ ಹುಟ್ಟಿದ ಕೆಂಚು ಕುರಿ. "ಬಾವಿ ಮೋಟಿ" ಎಂದರೆ ಬೇಮಳಖೇಡದ ಯಾವುದೋ ಬಾವಿಯ ಪಕ್ಕ ಹುಟ್ಟಿದ ಮೋಟು ಕಿವಿಯದು. ಆ ಮೋಟಿ ದೊಡ್ಡದಾಗಿ ಈದರೆ ಮಗಳ ಹೆಸರಿಗೆ ತಾಯಿಯ ಹೆಸರಿನದೊಂದು ತುಂಡು ಸೇರುತ್ತಿತ್ತು. ಹೆಣ್ಣು ಮರಿಗಳಿಗೆ ಮಾತ್ರ ಈ ಹೆಸರು, ಏಕೆಂದರೆ ಗಂಡು ಮರಿಗಳು ಮಾರಿಹೋಗುತ್ತವೆ, ಹೆಣ್ಣು ಉಳಿಯುತ್ತವೆ. ಹೀಗೆ ಅಪ್ಪ ಯಾವ ವರ್ಷ ಎಲ್ಲಿದ್ದ, ಯಾರ ಹೊಲದಲ್ಲಿ ಜಗಳವಾಯಿತು, ಎಲ್ಲಿ ಹೊಳೆ ಬಂದು ಮೂರು ದಿನ ನಿಂತ, ಎಲ್ಲವೂ ಕುರಿಗಳ ಹೆಸರಿನಲ್ಲಿತ್ತು. ಹಿಂಡು ಎದುರಿಗಿದ್ದರೆ ಅಪ್ಪ ತನ್ನ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವನಾಗಿದ್ದ.

ಸಣ್ಣವನಿದ್ದಾಗ ನನಗೂ ಆ ಹೆಸರುಗಳು ಬರುತ್ತಿದ್ದವು. ಶಾಲೆಗೆ ಸೂಟಿ ಬಿಟ್ಟರೆ ಹಿಂಡಿನ ಹಿಂದೆಯೇ ನನ್ನ ಓಡಾಟ. ತೊಂಬತ್ತರ ದಶಕದ ಶುರುವಿನಲ್ಲಿ ಬಸವಕಲ್ಯಾಣದ ಹೈಸ್ಕೂಲು ಸೇರಿ ಹಾಸ್ಟೆಲಿನಲ್ಲಿ ನಿಂತೆ. ಪಕ್ಕದಲ್ಲಿ ಮಲಗುವ ಹುಡುಗರು ಮೂಗು ಮುಚ್ಚಿಕೊಂಡು "ಕುರಿ ಬಂತು, ಸರೀರಿ" ಅನ್ನುತ್ತಿದ್ದರು. ದಿನಕ್ಕೆ ಎರಡು ಸಲ ಸೋಪು ಹಚ್ಚಿ ಮೈ ತಿಕ್ಕಿಕೊಂಡೆ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನೋಡಲು ಬಂದರೆ ಹಾಸ್ಟೆಲಿನ ತನಕ ಬರಗೊಡದೆ ಕೋಟೆಯ ರಸ್ತೆಯಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಹೆಸರುಗಳು ತಾವಾಗಿ ಮರೆತುಹೋದವು ಎಂದರೆ ಸುಳ್ಳಾಗುತ್ತದೆ. ನಾನೇ ಮರೆತೆ, ಹಟ ಹಿಡಿದು ಮರೆತೆ.

ಅದೇ ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಅಪ್ಪ ಹಿಂಡಿನ ಜೊತೆ ಎಲ್ಲಿಯೋ ಇದ್ದ. ಆಗ ಮೊಬೈಲು ಎಲ್ಲಿಯದು? ಕಾಕಾನ ಮಗ ಸೈಕಲ್ ಹತ್ತಿ ಊರೂರು ಹುಡುಕಿದ, ಸಿಗಲಿಲ್ಲ. ಮೂರನೆಯ ದಿನ ಅಪ್ಪ ಬಂದಾಗ ಮಣ್ಣು ಮಾಡಿ ಆಗಿತ್ತು. ಜನರ ಎದುರಿಗೇ ನಾನು ಅವನ ಮೇಲೆ ಹರಿಹಾಯ್ದೆ. "ಎಲ್ಲಿದ್ದಿ? ಎಲ್ಲಿ ಹಾಳಾಗಿ ಹೋಗಿದ್ದಿ?" ಅಪ್ಪ ಗೋಡೆಗೆ ಬೆನ್ನು ಹಚ್ಚಿ ಕೂತ. ಆಮೇಲೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾವಿಬ್ಬರೂ ಒಳ್ಳೆಯ ಮಾತನ್ನೇ ಆಡುತ್ತಿದ್ದೆವು, ಆದರೆ ಆ ಮೂರು ದಿನ ನಮ್ಮಿಬ್ಬರ ನಡುವೆ ಕೂತೇ ಇರುತ್ತಿದ್ದವು.

ನನಗೆ ಹುಮನಾಬಾದಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಿತು. ಖಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವ ಕೆಲಸ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದೆ. ಕೆಲವು ವರ್ಷಗಳ ನಂತರ, ಹೊಸ ಶತಮಾನವೂ ಅರ್ಧ ದಶಕ ದಾಟಿದ ಮೇಲೆ, ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ನಮ್ಮ ಕಾಲೇಜಿನಲ್ಲಿ ಅದು ಮೂರನೆಯದು. ಸ್ಟಾಫ್ ರೂಮಿನಲ್ಲಿ ಅದನ್ನು ಮೇಜಿನ ಮೇಲಿಟ್ಟ ದಿನ ಎಲ್ಲರೂ ಸುತ್ತ ನಿಂತು ಉಪದೇಶ ಶುರು ಮಾಡಿದರು. ಬ್ಯಾಟರಿ ಪೂರ್ತಿ ಇಳಿದ ಮೇಲೇ ಚಾರ್ಜಿಗೆ ಹಾಕಬೇಕು ಎಂದರು ಒಬ್ಬರು. ಇಳಿಯಗೊಡಲೇಬಾರದು, ವೈರು ಹಚ್ಚೇ ಇರಲಿ ಎಂದರು ಇನ್ನೊಬ್ಬರು. ಹಚ್ಚೇ ಇಟ್ಟರೆ ಬ್ಯಾಟರಿ ಉಬ್ಬಿ ಬಿರಿಯುತ್ತದೆ, ನಮ್ಮ ಷಡ್ಡಕನದು ಹಾಗೇ ಆಯಿತು ಎಂದರು ಮೂರನೆಯವರು. ಅವರ ಷಡ್ಡಕನ ಹತ್ತಿರ ಲ್ಯಾಪ್‌ಟಾಪ್ ಇದ್ದದ್ದು ನನಗಂತೂ ಅನುಮಾನ.

ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಯವನನ್ನು ಕೇಳಿದೆ. ಅವನು ಯಂತ್ರವನ್ನು ತಿರುವಿ ಹಾಕಿ, ಕೆಳಗಿನ ಎರಡು ಗುಂಡಿ ಸರಿಸಿ, ಬ್ಯಾಟರಿಯನ್ನು ಕಳಚಿ ಕೈಯಲ್ಲಿಟ್ಟ.

"ಸರ್, ನೀವು ಮೇಜಿನ ಮುಂದ ಕುಂತು ಕೆಲಸ ಮಾಡೋರು. ಇದನ್ನ ತೆಗೆದಿಡ್ರಿ. ಸೀದಾ ಕರೆಂಟಿನ ಮ್ಯಾಲ ನಡೀತದ. ಬ್ಯಾಟರಿ ಹೊಸಾದು ಹೊಸಾದೇ ಉಳೀತದ. ಫಿಕರ್ ಮಾಡಬ್ಯಾಡ್ರಿ."

ಈ ಮಾತು ನನ್ನ ರಕ್ತಕ್ಕೆ ಒಗ್ಗುವಂಥದ್ದು. ನಮ್ಮ ಮನೆಯಲ್ಲಿ ಒಳ್ಳೆಯದು ಏನು ಬಂದರೂ ಮೊದಲು ಟ್ರಂಕು ಸೇರುತ್ತಿತ್ತು. ಅವ್ವನ ಮದುವೆಯ ಇಳಕಲ್ ಸೀರೆ ಎರಡೇ ಸಲ ಹೊರಗೆ ಬಂದದ್ದು. ಸ್ಟೀಲಿನ ತಾಟುಗಳು ಚೀಟಿ ಕೀಳದೆ ಹಾಗೇ ಇದ್ದವು, ಬೀಗರು ಬಂದಾಗ ಬೇಕಾಗುತ್ತದೆ ಎಂದು. ಬಳಸಿದರೆ ಸವೆಯುತ್ತದೆ, ಎತ್ತಿಟ್ಟರೆ ಉಳಿಯುತ್ತದೆ ಎಂಬುದನ್ನು ನಾನು ಹಾಲಿನ ಜೊತೆ ಕುಡಿದವನು. ಬ್ಯಾಟರಿಯನ್ನು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನುಸಿಗುಳಿಗೆ ಎರಡು ಹಾಕಿ, ಟ್ರಂಕಿನ ತಳದಲ್ಲಿಟ್ಟೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ತಲೆದೂಗಿದರು. ಮೂರು ವರ್ಷ ನನ್ನ ಲ್ಯಾಪ್‌ಟಾಪು ಗೋಡೆಯ ಸ್ವಿಚ್ ಬೋರ್ಡು ಬಿಟ್ಟು ಕದಲಲಿಲ್ಲ.

ಆ ಯಂತ್ರ ನೋಡಿ ಆಸೆಪಟ್ಟವನು ಅಪ್ಪನೇ. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ಭಾನುವಾರ ಖೋಲಿಗೆ ಬಂದಿದ್ದ. ನಾನು ಟೈಪು ಮಾಡುವುದನ್ನು ಬಹಳ ಹೊತ್ತು ನೋಡಿ ಕೇಳಿದ:

"ತಮ್ಮಾ, ಇದರಾಗ ಹಾಕಿದ್ದು ಅಳಸಂಗಿಲ್ಲೇನು?"

"ಅಳಸಂಗಿಲ್ಲಪ್ಪಾ."

"ಹಂಗಾದ್ರ ನನ್ನ ಕುರಿ ಹೆಸರು ಹಾಕು. ಮೊದಲಿನಿಂದ ಸಾಲಿಗಿ ಹೇಳ್ತೀನಿ. ನಾ ಹೋದ್ ಮ್ಯಾಲ ಇವು ಬರೇ ಕುರಿ ಆಗ್ತಾವ. ಯಾವುದು ಯಾರ ಮಗಳು, ಎಲ್ಲಿ ಹುಟ್ಟ್ಯಾದ, ಯಾರಿಗಿ ಗೊತ್ತದ?"

ನಾನು ಹೂಂ ಅಂದೆ. ಅಪ್ಪ ನನ್ನ ಮುಖ ನೋಡದೆ ಹೇಳಿದ:

"ನಿಮ್ಮವ್ವ ಹೋದ ದಿನ ಒಂದು ಮರಿ ಹುಟ್ಟ್ಯಾದ. ಅದಕ್ಕೂ ಹೆಸರಿಟ್ಟೇನಿ. ಸಾಲು ಅಲ್ಲಿಗಿ ಬಂದಾಗ ಹೇಳ್ತೀನಿ."

ನನ್ನ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಆ ಹೆಸರಿನಲ್ಲಿ ಊರು ಇರುತ್ತದೆ, ಆ ದಿನ ಏನಾಯಿತೋ ಅದೂ ಇರುತ್ತದೆ. ನಾನು ಜನರ ಎದುರಿಗೆ ಕೂಗಿ ಕೇಳಿದ ಪ್ರಶ್ನೆಗೆ ಅಪ್ಪ ತನ್ನ ರೀತಿಯಲ್ಲಿ ಉತ್ತರ ಕೊಡಲು ತಯಾರಾಗಿದ್ದ. ಈಗಲೇ ಹೇಳು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಸಾಲಿಗೆ ಬರಲಿ ಎಂದುಕೊಂಡೆ, ಅವನ ಲೆಕ್ಕಕ್ಕೆ ಮರ್ಯಾದೆ ಕೊಟ್ಟಂತಾಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯವೂ ಇತ್ತು.

ಮುಂದಿನ ಭಾನುವಾರದಿಂದ ಶುರು ಮಾಡಿದೆವು. ಖೋಲಿಯಲ್ಲಿದ್ದದ್ದು ಒಂದೇ ಪ್ಲಗ್ಗು. ವೈರು ಗಿಡ್ಡ, ಆದ್ದರಿಂದ ಮೇಜು ಗೋಡೆಗೆ ಮುಖ ಮಾಡಿತ್ತು. ಅಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿದೆ. ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲದ ಮನುಷ್ಯ, ತುದಿಯಲ್ಲಿ ಕೂತು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ. ನಾಲ್ಕೈದು ಹೆಸರು ಬಂದವು, ಆಮೇಲೆ ತಡವರಿಸಿದ. ಹೇಳಿದ್ದನ್ನೇ ಹೇಳಿದ. ತಾಯಿ ಮಗಳು ಅದಲು ಬದಲಾದವು. ಮುಂದಿನ ವಾರವೂ ಅದೇ ಹಾಡು. ನನಗೆ ತಾಳ್ಮೆ ಕಡಿಮೆ, ಪಾಠ ಹೇಳುವವನ ದನಿಯಲ್ಲಿ "ನೆನಪು ಮಾಡಿಕೋ ಅಪ್ಪಾ" ಎಂದು ಗದರಿಸಿದೆ.

"ಗ್ವಾಡಿ ಮುಂದ ಕುಂತ್ರ ಗ್ವಾಡೀನೇ ಕಾಣ್ತದ," ಎಂದ ಅಪ್ಪ. "ಕುರಿ ಕಣ್ಣಮುಂದ ಇದ್ರ ಹೆಸರು ತಾನೇ ಬಾಯಿಗಿ ಬರ್ತದ. ಈ ಪೆಟಗಿ ತಗೊಂಡು ಮಡ್ಡಿಗಿ ಬಾ."

"ಕರೆಂಟ್ ಇಲ್ಲದ ನಡ್ಯಂಗಿಲ್ಲಪ್ಪಾ ಇದು."

ಹಾಗೆ ಹೇಳುತ್ತಿರುವಾಗಲೇ ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಹುಮನಾಬಾದಿನಲ್ಲಿ ಆಗ ದಿನಕ್ಕೆ ಎಷ್ಟು ಸಲ ಹೀಗಾಗುತ್ತಿತ್ತೋ ಎಣಿಸಿದವರಿಲ್ಲ. ಬ್ಯಾಟರಿ ಇದ್ದಿದ್ದರೆ ಯಂತ್ರ ನಿಲ್ಲುತ್ತಿರಲಿಲ್ಲ. ಅಪ್ಪ ಗಾಬರಿಯಾಗಿ ಗೋಡೆ ನೋಡಿದ, ನನ್ನನ್ನು ನೋಡಿದ. ಬ್ಯಾಟರಿ ಎಂಬುದೊಂದಿದೆ, ಅದನ್ನು ಹಾಕಿದರೆ ಹೊರಗೂ ನಡೆಯುತ್ತದೆ, ಹಾಳಾಗಬಾರದೆಂದು ಟ್ರಂಕಿನಲ್ಲಿ ಎತ್ತಿಟ್ಟಿದ್ದೇನೆ ಎಂದು ವಿವರಿಸಿದೆ. ಅವನು ನಕ್ಕ.

"ಕಂಬಳಿ ಟ್ರಂಕಿನ್ಯಾಗ ಇಟ್ರ ನುಸಿ ತಿಂತದ ನೋಡು ಮಾಸ್ತರಾ. ಹೊತ್ಕೊಂಡು ತಿರಗಿದ್ರ ನುಸಿ ಹತ್ತಿರ ಸುಳ್ಯಂಗಿಲ್ಲ."

ಇದು ಕಂಬಳಿ ಅಲ್ಲ, ಯಂತ್ರ, ನಿನಗೆ ತಿಳಿಯುವುದಿಲ್ಲ ಎಂದೆ. ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ. ಆದರೂ ಭಾನುವಾರ ಬರುವುದನ್ನು ಬಿಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿ ಹಿಂಡನ್ನು ಕಾಣಲು ಒದ್ದಾಡುತ್ತಿದ್ದ. ಒಂದೊಂದು ದಿನ ಎರಡು ಹೆಸರು, ಒಂದೊಂದು ದಿನ ಅದೂ ಇಲ್ಲ.

ಓದುವವರು ಇಲ್ಲಿ ಕೇಳುತ್ತಾರೆ, ಒಂದು ನೋಟ್‌ಬುಕ್ಕು ತೆಗೆದುಕೊಂಡು ಮಡ್ಡಿಗೆ ಹೋಗಲು ಏನು ಧಾಡಿಯಾಗಿತ್ತು ಎಂದು. ಕೇಳಲಿ. ನನ್ನ ಜೇಬಿನಲ್ಲಿ ಸದಾ ಪೆನ್ನು ಇರುತ್ತಿತ್ತು. ಕಾಲೇಜಿನಲ್ಲಿ ನೋಟ್‌ಬುಕ್ಕಿಗೆ ಬರವಿರಲಿಲ್ಲ. ಆದರೆ ನನಗೆ ಅದು ಅಚ್ಚಿನ ಅಕ್ಷರದಲ್ಲಿ, ಕೋಷ್ಟಕದಲ್ಲಿ, ತಾಯಿ ಮಗಳು ಊರು ಬಣ್ಣ ಎಂದು ಗೆರೆ ಹೊಡೆದು ಬೇಕಾಗಿತ್ತು. ಕಾಲೇಜಿನ ದೊಡ್ಡವರಿಗೆ ತೋರಿಸಿದರೆ ಖಾಯಂ ಕೆಲಸಕ್ಕೆ ದಾರಿಯಾದೀತು ಎಂಬ ದುರಾಸೆಯೂ ಇತ್ತು. ಇನ್ನೂ ಒಂದಿದೆ. ಪೆನ್ನು ಹಿಡಿದು ಕುರಿಯ ಹಿಂದೆ ಹೋದರೆ ನಾನು ಮತ್ತೆ ಕುರಿ ಕಾಯುವವನ ಮಗ, ಲ್ಯಾಪ್‌ಟಾಪು ಹಿಡಿದು ಹೋದರೆ ಲೆಕ್ಚರರ್. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ದೀಪಾವಳಿ ಸೂಟಿ ಬಂತು. ಹಿಂಡು ಇನ್ನೂ ಊರ ಮಡ್ಡಿಯ ಮೇಲೇ ಇತ್ತು, ಇನ್ನು ಕೆಲವು ವಾರಗಳಲ್ಲಿ ಅಪ್ಪ ಹೊರಟುಬಿಡುತ್ತಾನೆ. ಈ ಸಲ ಹೋಗಲೇಬೇಕೆಂದು ಟ್ರಂಕು ತೆಗೆದೆ. ಸೀರೆಯ ಗಂಟು ಬಿಚ್ಚಿದರೆ ಬ್ಯಾಟರಿ ಮಿರಿಮಿರಿ ಮಿಂಚುತ್ತಿತ್ತು, ಒಂದು ಗೀರೂ ಇರಲಿಲ್ಲ. ಯಂತ್ರಕ್ಕೆ ಕೂಡಿಸಿದೆ. ಬೆಳಿಗ್ಗೆಯಿಂದ ಸಂಜೆಯ ತನಕ ಚಾರ್ಜಿಗಿಟ್ಟೆ. ಕಿತ್ತಳೆ ಬಣ್ಣದ ದೀಪ ಮಿಣುಕುತ್ತಲೇ ಇತ್ತು. ವೈರು ಕಿತ್ತ ಕೂಡಲೇ ಪರದೆ ಕಪ್ಪಾಯಿತು. ಅಂಗಡಿಯವನ ಹತ್ತಿರ ಓಡಿದೆ.

"ಸರ್, ಇದು ಸತ್ತದ," ಎಂದ ಅವನು. "ಖಾಲಿ ಕುಂತ್ರ ತಾನೇ ಇಳಕೋತ ಹೋಗಿ ಸಾಯ್ತದ. ನಡುನಡುವ ಹಾಕಿ ಉಪಯೋಗ ಮಾಡಬೇಕಿತ್ತು."

"ತೆಗೆದಿಡ್ರಿ ಅಂದಾವ ನೀನೇ ಅಲ್ಲೇನು?"

"ಹೌದ್ರಿ ಸರ್, ಅಂದೀನಿ. ಮೂರು ವರ್ಸ ಅಂತ ಅಂದಿಲ್ಲಲ್ರೀ."

ಅವನ ಮೇಲೆ ಕೂಗಾಡಿದೆ. ಅವನು ಚಹಾ ತರಿಸಿದ. ಹೈದರಾಬಾದಿನಿಂದ ಹೊಸ ಬ್ಯಾಟರಿ ತರಿಸಿಕೊಡುತ್ತೇನೆ, ಹದಿನೈದು ದಿನ ಬೇಕು ಎಂದ. ಆಯಿತು ಎಂದೆ. ಊರಿಗೆ ಹೋಗಿ ಅಪ್ಪನಿಗೆ ಹದಿನೈದು ದಿನ ತಡಿ ಎಂದು ಹೇಳಿಬಂದೆ. ಮಡ್ಡಿಯ ಮೇಲೇ ನಿಂತು ಹೇಳಿದೆ. ಹಿಂಡು ಎದುರಿಗಿತ್ತು, ಜೇಬಿನಲ್ಲಿ ಪೆನ್ನು ಇತ್ತು. ಅಪ್ಪ ಒಂದು ಕುರಿಯ ಕಡೆ ಕೈ ಮಾಡಿ ಏನೋ ಹೇಳಲು ಹೊರಟ. "ಈಗ ಬ್ಯಾಡಪ್ಪಾ, ಎಲ್ಲಾ ಒಮ್ಮೆಗೇ ಹಾಕೋಣು" ಎಂದು ತಡೆದು ಬಸ್ಸು ಹಿಡಿದೆ.

ಹನ್ನೊಂದನೆಯ ದಿನ ಕಾಕಾನ ಮಗ ಕಾಲೇಜಿನ ಬಾಗಿಲಿಗೆ ಬಂದು ನಿಂತ. ಅಪ್ಪನಿಗೆ ಲಕ್ವಾ ಹೊಡೆದಿತ್ತು. ಬೆಳಗಿನ ಹೊತ್ತು ಕುರಿ ಬಿಡುವಾಗ ಬಿದ್ದನಂತೆ. ಹುಮನಾಬಾದಿನ ದವಾಖಾನೆ, ಅಲ್ಲಿಂದ ಬೀದರ್. ಒಂದು ತಿಂಗಳಾದ ಮೇಲೆ ಕೋಲು ಹಿಡಿದು ಕಾಲೆಳೆದು ನಡೆಯುವಷ್ಟಾದ. ಬಲಗೈ ಬರಲಿಲ್ಲ. ಮಾತು ಬರಲಿಲ್ಲ. ನಾವು ಆಡುವುದು ಅವನಿಗೆ ತಿಳಿಯುತ್ತಿತ್ತು, ಹೌದು ಅಲ್ಲ ಎಂದು ತಲೆ ಆಡಿಸುತ್ತಿದ್ದ. ಬಾಯಿ ತೆರೆದರೆ ಆ ಆ ಎಂಬ ಒಂದೇ ಸದ್ದು ಬರುತ್ತಿತ್ತು. ಡಾಕ್ಟರು ಇನ್ನು ಇಷ್ಟೇ ಎಂದರು.

ಹೊಸ ಬ್ಯಾಟರಿ ಅಷ್ಟರಲ್ಲಿ ಬಂದಿತ್ತು. ವೈರಿಲ್ಲದೆ ಎರಡು ತಾಸಿನ ಮೇಲೆ ನಡೆಯುತ್ತಿತ್ತು. ಹಿಂಡನ್ನು ಆಗ ಕಾಕಾನ ಮಗ ಊರಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದ. ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಮಡ್ಡಿಗೆ ಹೋದೆ. ಅವನನ್ನು ಬಂಡೆಯ ಮೇಲೆ ಕೂಡಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೊಡೆಯ ಮೇಲೆ ತೆರೆದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

"ಅಪ್ಪಾ, ಅವ್ವ ಹೋದ ದಿನ ಹುಟ್ಟಿದ್ದು ಅದ ಏನು ಇದರಾಗ?" ಎಂದು ಕೇಳಿದೆ.

ಅಪ್ಪ ಕೋಲೂರಿ ಎದ್ದ. ಕಾಲೆಳೆಯುತ್ತ ಹಿಂಡಿನೊಳಗೆ ಹೋಗಿ, ಒಂದು ಮುದಿ ಕುರಿಯ ಬೆನ್ನ ಮೇಲೆ ಎಡಗೈ ಇಟ್ಟು ನನ್ನ ಕಡೆ ತಿರುಗಿದ. ಕರಿ ಕುರಿ, ಹಣೆಯ ಮೇಲೆ ಬಿಳಿ ಮಚ್ಚೆ. ಅದು ಸುಮ್ಮನೆ ನಿಂತುಕೊಂಡಿತ್ತು. ಅಪ್ಪ ಬಾಯಿ ತೆರೆದ. ಹೆಸರು ಅವನೊಳಗೆ ಪೂರ್ತಿಯಾಗಿ ಇತ್ತು, ಅವನ ಕಣ್ಣಲ್ಲಿ ಅದು ನನಗೆ ಕಾಣುತ್ತಿತ್ತು. ಆ ಆ ಎಂದ. ಕುತ್ತಿಗೆಯ ನರ ಉಬ್ಬುವ ತನಕ ಎಂದ.

ನಾನೇ ಊರುಗಳನ್ನು ಹೇಳತೊಡಗಿದೆ. "ರಾಜೇಶ್ವರ ಏನಪ್ಪಾ?" ಅಲ್ಲ ಎಂದು ತಲೆ ಆಡಿಸಿದ. "ಬೇಮಳಖೇಡ?" ಅಲ್ಲ. "ಮನ್ನಾಏಖೇಳ್ಳಿ?" ಅಲ್ಲ. ನನಗೆ ಗೊತ್ತಿದ್ದ ಊರೆಲ್ಲ ಹೇಳಿದೆ, ಕಾಕಾನ ಮಗನಿಗೆ ಗೊತ್ತಿದ್ದದ್ದನ್ನೂ ಕೇಳಿ ಹೇಳಿದೆ. ಎಲ್ಲಕ್ಕೂ ಅಲ್ಲ. ಹೊಳೆ ಬಂತೇನು, ಜ್ವರ ಬಂತೇನು, ಯಾರಾದರೂ ತಡೆದರೇನು ಎಂದು ಕೇಳಿದೆ. ನನ್ನ ದನಿ ಏರುತ್ತಿತ್ತು. ಹತ್ತು ವರ್ಷದ ಹಿಂದೆ ಅಂಗಳದಲ್ಲಿ ಕೂಗಿದ ದನಿಯೇ ಅದು ಎಂದು ನನಗೆ ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲು ಆಗಲಿಲ್ಲ. ಕೊನೆಗೆ ಅಳು ಬಂದು, ಬೇರೆ ಹೆಸರು ಹೊಳೆಯದೆ, "ರಾಜೇಶ್ವರ ಏನಪ್ಪಾ?" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೌದು ಎಂದು ತಲೆ ಆಡಿಸಿದ.

ಅದು ಸುಳ್ಳು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ತಲೆ ಬಗ್ಗಿಸಿ ರಾಜೇಶ್ವರ ಎಂದು ಟೈಪು ಮಾಡಿದೆ.